ಲೋಪ, ಆಗಮ, ಆದೇಶ

ಶನಿವಾರ ರಾತ್ರಿ ಹನ್ನೊಂದೂಕಾಲು.
ಟೊಂಗಾದ ವವ’ಉ ದ್ವೀಪ, ಆಸ್ಪತ್ರೆಯ ಹಿಂದಿನ ಕೋಣೆ;
ಮೊದಲು ಹೊದಿಕೆ ಮಡಚಿಡುತ್ತಿದ್ದರು, ಈಗ ಸರ್ವರ್ ಇದೆ,
ಏಸಿಯ ನೀರು ತೊಟ್ಟಿಕ್ಕಲು ಕೆಳಗೊಂದು ಬಿಸ್ಕತ್ತಿನ ಡಬ್ಬ.
’ಅಕೋಸಿತಾ ಸೊಂಟದ ಚಾಪೆ ಬಿಚ್ಚಿ
ಕುರ್ಚಿಯ ಬೆನ್ನಿಗೆ ಹಾಕಿದ್ದಾಳೆ.
ಹನ್ನೆರಡಾದರೆ ಭಾನುವಾರ. ಈ ನಾಡಿನಲ್ಲಿ ಭಾನುವಾರ
ದೋಣಿಗೂ ರಜೆ, ಕೊಡಲಿಗೂ ರಜೆ.

ಕೆಲಸ, ಹೇಳಲು ಸುಲಭ.
ಲ್ಯಾಬಿನ ಯಂತ್ರ ರಕ್ತ ನೋಡಿ ಸಂದೇಶ ಉಗುಳುತ್ತದೆ:
ಹೆಸರು, ನಿಂತ ಗೆರೆ, ಸೋಡಿಯಂ, ನಿಂತ ಗೆರೆ, ಪೊಟ್ಯಾಸಿಯಂ.
ನಡುವಿನ ತಂತ್ರಾಂಶ ಅಂಚೆಯವನ ಹಾಗೆ ವಿಳಾಸ ಓದಿ
ಡೇಟಾಬೇಸಿನ ಕೋಷ್ಟಕಕ್ಕೆ ಮುಟ್ಟಿಸಬೇಕು.
ಎರಡನ್ನೂ ಕೂಡಿಸುವುದು.
ನಾವು ಸಂಧಿ ಅನ್ನುತ್ತೇವಲ್ಲ, ಅದೇ.

ಸೋಮವಾರವೇ ಕೂಡಿತೆಂದು ಎಲ್ಲರೂ ನಂಬಿದ್ದರು.
ಬುಧವಾರ ಲೂಪೆ ತ’ಉಫೊ’ಒಉ ಎಂಬ ಮುದುಕಿಯ ಪೊಟ್ಯಾಸಿಯಂ
ಆರು ಬಿಂದು ಎಂಟು.
ವಾರ್ಡಿನ ಪರದೆಯಲ್ಲಿ ಮಾತ್ರ: ಫಲಿತಾಂಶ ಬಂದಿಲ್ಲ.
ಲ್ಯಾಬಿನ ಕಿಟಿಯೋನೆ ಅಂಗೈಮೇಲೆ ಬರೆದುಕೊಂಡು
ಚಪ್ಪಲಿ ಹುಡುಕದೆ ಅಂಗಳ ದಾಟಿ ಓಡಿದ.
ಅವಳು ಬದುಕಿದ್ದು ಬರಿಗಾಲಿನಿಂದ.

ಸರತಿಯಲ್ಲಿ ನಿಂತ ಸಂದೇಶಗಳು ನಲವತ್ತಮೂರು.
ಒಂದೊಂದೇ ತೆರೆಯುತ್ತಾಳೆ, ಹಾಜರಿ ಕೂಗಿದಂತೆ.
ಎಲ್ಲರ ಹೆಸರಲ್ಲೂ ಆ ಗುರುತಿದೆ,
ಗಂಟಲು ಒಂದು ಚಣ ಬಾಗಿಲು ಹಾಕಿ ತೆಗೆಯುವ ಗುರುತು.
ಅವರಿಗೆ ಅದು ವ್ಯಂಜನ. ನನಗೆ ಬರೆಯಲು ಅಕ್ಷರ ಸಾಲದೆ
ಬಾಲದ ಚುಕ್ಕೆಯೊಂದನ್ನು ಮೇಲೆ ತೂಗುಹಾಕಿದ್ದೇನೆ.
ಕೋಷ್ಟಕಕ್ಕೋ, ಅದು ಉದ್ಧರಣೆಯ ಕೊನೆ.
ಹೆಸರು ತ-ಕ್ಕೇ ಮುಗಿಯಿತೆಂದು ತಿಳಿದು
ಮಿಕ್ಕಿದ್ದನ್ನು ಅಪ್ಪಣೆಯೆಂದು ಓದುತ್ತದೆ:
ಉಫೊ? ಉಫೊ ಅಂದರೆ ಏನು ಮಾಡಲಿ?
ಸಂದೇಶವನ್ನು ಹೊಸಿಲಾಚೆ ತಳ್ಳುತ್ತದೆ.

ಬೆಂಚಿನ ಮೇಲೆ ನಿಂತು ಒಪ್ಪಿಸಿದ್ದೆವು: ಲೋಪ, ಆಗಮ, ಆದೇಶ.
ಇಲ್ಲಿ ಆದೇಶದ ಹಲ್ಲಿಗೆ ಹೆಸರು ಸಿಕ್ಕು
ಆಗಮವಾಗಬೇಕಾದ್ದು ಲೋಪವಾಗಿದೆ.

ಆಕ್ಲೆಂಡಿನ ಗುತ್ತಿಗೆಯವನು ಚೀಟಿ ಅಂಟಿಸಿ ಹೋಗಿದ್ದಾನೆ:
ಗುರುತು ಅಳಿಸಿಬಿಡಿ, ಒಳಗೆ ಹೋಗುತ್ತದೆ.
ಹೋಗುತ್ತದೆ, ನಿಜ.
ತ’ಉ ಅಂದರೆ ವರ್ಷ, ಫೊ’ಒಉ ಅಂದರೆ ಹೊಸದು.
ಅಳಿಸಿದರೆ ತೌ. ತೌ ಅಂದರೆ ಯುದ್ಧ.
’ಅಕೋಸಿತಾಳ ಸಂಬಳದ ಚೀಟಿಯಲ್ಲೂ ಆ ಗುರುತಿಲ್ಲ,
ಹದಿನಾಲ್ಕು ವರ್ಷ. ಹಣ ಬರುತ್ತಿತ್ತು, ಸುಮ್ಮನಿದ್ದಳು.

ಅಪ್ಪಣೆಯ ಬಟ್ಟೆಗೆ ಹೆಸರು ಹೊಲಿದಿದ್ದ ದಾರ ಬಿಚ್ಚುತ್ತಾಳೆ.
ಹೆಸರಿದ್ದಲ್ಲಿ ಒಂದು ಪ್ರಶ್ನೆಚಿಹ್ನೆ ಇಡುತ್ತಾಳೆ, ಅಷ್ಟೆ.
ಅಪ್ಪಣೆ ಮೊದಲು ಹೋಗಿ ಕೈಕಟ್ಟಿ ನಿಂತು ಕೇಳಲಿ: ಯಾರು?
ಹೆಸರು ಆಮೇಲೆ, ಬೇರೆ ಚೀಲದಲ್ಲಿ ಬರಲಿ,
ತಡೆದ ಉಸಿರು ತಡೆದಂತೆಯೇ,
ಯಾರೂ ಬಿಚ್ಚಿ ನೋಡದೆ.

ನಲವತ್ತು. ಇಪ್ಪತ್ತೇಳು. ಒಂಬತ್ತು.
ಡಬ್ಬದಲ್ಲಿ ನೀರಿನ ಸದ್ದು.
ಹನ್ನೆರಡಕ್ಕೆ ಎರಡು ನಿಮಿಷ, ಒಂದೇ ಒಂದು ಉಳಿದಿದೆ.
ಅದರಲ್ಲಿ ಗುರುತಿನ ತಂಟೆಯಿಲ್ಲ. ಹೆಸರೇ ಇಲ್ಲ.
ಗಂಡು ಮಗು, ಎರಡು ದಿನ, ಬಿಲಿರುಬಿನ್ ಹದಿಮೂರು.
ಖಾಲಿ ಬಿಡಕೂಡದು ಎನ್ನುತ್ತದೆ ಕಾಲಂ.
ಹೆಸರಿಡಬೇಕಾದವಳು ಮಗುವಿನ ಸೋದರತ್ತೆ,
ಅವಳು ಬರುವ ದೋಣಿ ಸೋಮವಾರದ್ದು.

ಏನಾದರೊಂದು ತುಂಬಬಹುದಿತ್ತು.
ಬೆರಳು ಕೀಲಿಯ ಮೇಲಿಟ್ಟು, ತೆಗೆದಳು.
ಬಿಸ್ಕತ್ತಿನ ಡಬ್ಬದ ಮುಚ್ಚಳದ ರಟ್ಟು ಹರಿದು
ಹದಿಮೂರು ಎಂದು ಬರೆದು, ಚಾಪೆ ಸುತ್ತಿಕೊಂಡು,
ಕಿಟಿಯೋನೆ ಎಲ್ಲಿ ಮಲಗಿದ್ದಾನೆ ಎಂದು
ಕಾವಲುಗಾರನನ್ನು ಕೇಳುತ್ತ ಹೊರಟಳು.